ಕೊಡಗಿನ ಮನೆಗೆ ಉಪಗ್ರಹ ಟಿವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲದಲ್ಲಿ ಟಿವಿ ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂದು ಬಂದ ಕೂಡಲೇ ಬೈಗುಳ ಬೀಳುವುದು ಕಂಪನಿಗೆ. ಕೆಲವೊಮ್ಮೆ ಅದು ನ್ಯಾಯವೂ ಹೌದು. ಆದರೆ ಕಾಫಿ ತೋಟಗಳ ನಡುವಿನ ಮನೆಗಳಲ್ಲಿ ದೋಷ ಹೆಚ್ಚಾಗಿ ಇರುವುದು ಡಿಶ್‌ನಿಂದ ಟಿವಿಯವರೆಗಿನ ತಂತಿಯಲ್ಲಿ, ಇಲ್ಲವೇ ಡಿಶ್‌ಗೂ ಆಕಾಶಕ್ಕೂ ನಡುವೆ ಬೆಳೆದ ಮರದಲ್ಲಿ. ಕಂಪನಿ ಬದಲಿಸಲು ಹೊರಟವರು ಮೊದಲು ಇದನ್ನು ಓದಿ, ಆಮೇಲೆ ನಿರ್ಧರಿಸಲಿ.

ಚಿತ್ರ ನಮ್ಮ ಮನೆಯ ತನಕ ಬರುವುದು ಹೇಗೆ?

ವಾಹಿನಿಗಳ ಕಾರ್ಯಕ್ರಮಗಳೆಲ್ಲ ಮೊದಲು ಸೇವಾ ಸಂಸ್ಥೆಯ ಭೂ ಕೇಂದ್ರವನ್ನು ಸೇರುತ್ತವೆ. ದೂರದರ್ಶನದ ಉಚಿತ ಸೇವೆಯಾದ ಡಿಡಿ ಫ್ರೀ ಡಿಶ್‌ಗೆ ಈ ಕೇಂದ್ರ ಇರುವುದು ದೆಹಲಿಯ ತೋಡಾಪುರದಲ್ಲಿ. ಅಲ್ಲಿ ಚಿತ್ರ ಮತ್ತು ಧ್ವನಿಯನ್ನು ಡಿಜಿಟಲ್ ರೂಪದಲ್ಲಿ ಕುಗ್ಗಿಸಿ, ಹಲವು ವಾಹಿನಿಗಳನ್ನು ಒಂದೇ ಪ್ರವಾಹವಾಗಿ ಕಟ್ಟಿ, ದೊಡ್ಡ ಆಂಟೆನಾದ ಮೂಲಕ 14 ಗಿಗಾಹರ್ಟ್ಸ್ ಆವರ್ತನದ ಆಸುಪಾಸಿನಲ್ಲಿ ಉಪಗ್ರಹದ ಕಡೆಗೆ ಕಳುಹಿಸುತ್ತಾರೆ. ಉಪಗ್ರಹ ಅದನ್ನು ಹಿಡಿದು, ಆವರ್ತನ ಬದಲಿಸಿ, ಬಲ ತುಂಬಿ ಮತ್ತೆ ನೆಲಕ್ಕೆ ಬಿಡುತ್ತದೆ. ನಮ್ಮ ಸೂರಿನ ಮೇಲೆ ಬೀಳುವುದು ಸುಮಾರು 11ರಿಂದ 12.7 ಗಿಗಾಹರ್ಟ್ಸ್‌ನ ಅಲೆಗಳು. ಇವಕ್ಕೆ ಕೆಯು ಬ್ಯಾಂಡ್ ಎಂದು ಹೆಸರು.

ಅಷ್ಟು ದೂರದಿಂದ ಬರುವ ಅಲೆ ತೀರಾ ಕ್ಷೀಣ. ಬಾಣಲೆಯಂಥ ಡಿಶ್ ಅದನ್ನು ಒಂದು ಬಿಂದುವಿಗೆ ಕೂಡಿಸಿಕೊಡುತ್ತದೆ. ಆ ಬಿಂದುವಿನಲ್ಲಿ, ಕೋಲಿನ ತುದಿಗೆ ಕೂತಿರುವ ಪುಟ್ಟ ಸಾಧನವೇ ಎಲ್‌ಎನ್‌ಬಿ. ಅದು ಆವರ್ತನವನ್ನು 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕೇಬಲ್‌ಗೆ ದಾಟಿಸುತ್ತದೆ. ಹಾಗೆ ಇಳಿಸದಿದ್ದರೆ ಕೇಬಲ್‌ನ ಕೆಲವೇ ಮೀಟರ್‌ಗಳಲ್ಲಿ ಸಿಗ್ನಲ್ ಸತ್ತುಹೋಗುತ್ತಿತ್ತು. ಎಲ್‌ಎನ್‌ಬಿಗೆ ಬೇಕಾದ ವಿದ್ಯುತ್ತು ಅದೇ ಕೇಬಲ್‌ನಲ್ಲಿ ಸೆಟ್‌ಟಾಪ್ ಬಾಕ್ಸ್‌ನಿಂದ ಮೇಲಕ್ಕೆ ಹೋಗುತ್ತದೆ: 13 ವೋಲ್ಟ್ ಕೊಟ್ಟರೆ ಲಂಬ ಧ್ರುವೀಕರಣದ, ಅಂದರೆ ಅಲೆ ಮೇಲೆ ಕೆಳಗೆ ಕಂಪಿಸುವ ವಾಹಿನಿಗಳು, 18 ವೋಲ್ಟ್ ಕೊಟ್ಟರೆ ಅಡ್ಡ ಧ್ರುವೀಕರಣದವು. ಕೆಲವು ವಾಹಿನಿ ಬಂದು ಕೆಲವು ಮಾತ್ರ ಬಾರದಿದ್ದರೆ ಈ ವೋಲ್ಟೇಜ್ ಮೇಲೆ ತಲುಪುತ್ತಿಲ್ಲವೇನೋ ಎಂದು ಅನುಮಾನಿಸಬಹುದು.

ಬಾಕ್ಸ್ ಈ ಪ್ರವಾಹವನ್ನು ಬಿಡಿಸಿ, ನೀವು ಹಣ ಕಟ್ಟಿದ ವಾಹಿನಿಗಳ ಬೀಗ ತೆಗೆದು ಟಿವಿಗೆ ಕೊಡುತ್ತದೆ.

ಡಿಶ್ ಒಂದೇ ದಿಕ್ಕಿಗೆ ಮುಖ ಮಾಡಿರುವುದೇಕೆ? ನಮ್ಮಲ್ಲಿ ಯಾವ ದಿಕ್ಕು?

ಟಿವಿ ಉಪಗ್ರಹಗಳು ಸಮಭಾಜಕ ವೃತ್ತದ ನೇರ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಆ ಎತ್ತರದಲ್ಲಿ ಒಂದು ಸುತ್ತಿಗೆ ಹಿಡಿಯುವ ಹೊತ್ತು ಭೂಮಿ ತನ್ನ ಸುತ್ತ ತಿರುಗುವ ಹೊತ್ತಿಗೆ ಸಮ. ಹಾಗಾಗಿ ಅವು ನಮಗೆ ಆಕಾಶದಲ್ಲಿ ನಿಂತಲ್ಲೇ ನಿಂತಂತೆ ಕಾಣುತ್ತವೆ. ಈ ಕಕ್ಷೆಯಿಂದ ಲೋಕಕ್ಕೆಲ್ಲ ಪ್ರಸಾರ ಮಾಡಬಹುದೆಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಬರೆದಿದ್ದರು.

ಮಡಿಕೇರಿ ಇರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶ, 75.7 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಭಾರತದ ಸೇವೆಗಳ ಉಪಗ್ರಹಗಳು ನಮಗಿಂತ ಪೂರ್ವದ ರೇಖಾಂಶಗಳಲ್ಲಿವೆ: ಟಾಟಾ ಪ್ಲೇ 83 ಡಿಗ್ರಿ, ಡಿ2ಎಚ್ 88, ಸನ್ ಡೈರೆಕ್ಟ್ ಮತ್ತು ಡಿಡಿ ಫ್ರೀ ಡಿಶ್ 93.5, ಡಿಶ್ ಟಿವಿ 95, ಏರ್‌ಟೆಲ್ 108.2. ಆದ್ದರಿಂದ ಇಲ್ಲಿನ ಎಲ್ಲ ಡಿಶ್‌ಗಳೂ ಆಗ್ನೇಯದ ಆಸುಪಾಸಿಗೇ ತಿರುಗಿರುತ್ತವೆ. 83 ಡಿಗ್ರಿಯದು ದಕ್ಷಿಣಕ್ಕೆ ಸ್ವಲ್ಪ ಹತ್ತಿರ, 108ರದು ಹೆಚ್ಚುಕಡಿಮೆ ಪೂರ್ವಕ್ಕೆ. ಎತ್ತರದ ಕೋನ ಕ್ರಮವಾಗಿ ಸುಮಾರು 73 ಮತ್ತು 50 ಡಿಗ್ರಿ. 93.5ಕ್ಕೆ ಸುಮಾರು 65.

ಡಿಶ್‌ನ ಮುಖ ನೋಡಿದರೆ ಅದು ಅಷ್ಟೊಂದು ಮೇಲೆ ನೋಡುತ್ತಿರುವಂತೆ ಅನ್ನಿಸುವುದಿಲ್ಲ. ಮನೆಗಳ ಡಿಶ್‌ಗಳು ಓರೆ ವಿನ್ಯಾಸದವು; ಮುಖ ತಗ್ಗಿಸಿಕೊಂಡಿದ್ದರೂ ಹಿಡಿಯುವುದು ಎತ್ತರದ ಸಿಗ್ನಲ್ಲನ್ನು. ಇದು ತಿಳಿಯದೆ ಎದುರಿಗಿರುವ ಕಿತ್ತಳೆ ಗಿಡವನ್ನು ಕಡಿದು, ತಲೆಯ ಮೇಲಿನ ಕೊಂಬೆಯನ್ನು ಹಾಗೆಯೇ ಬಿಟ್ಟವರಿದ್ದಾರೆ.

ಐದು ವರ್ಷ ಚೆನ್ನಾಗಿ ಬರುತ್ತಿತ್ತು, ಈಗ ಬರುತ್ತಿಲ್ಲ. ಡಿಶ್ ಹಾಳಾಯಿತೇ?

ಮರ ಬೆಳೆದಿರಬೇಕು. ಸಿಲ್ವರ್ ಓಕ್ ನೆಟ್ಟ ತೋಟಗಳಲ್ಲಿ ಇದು ಮಾಮೂಲಿ ಕಥೆ. ಡಿಶ್ ಕೂರಿಸಿದಾಗ ಸಸಿಯಾಗಿದ್ದದ್ದು ಈಗ ಮಾಡಿನ ಮೇಲೆ ನೆರಳು ಚೆಲ್ಲುತ್ತಿರುತ್ತದೆ. ಕೆಯು ಬ್ಯಾಂಡ್ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಎಲೆಗಳ ದಟ್ಟಣೆಯನ್ನು ಅದು ದಾಟಲಾರದು, ಎಲೆ ಒದ್ದೆಯಾಗಿದ್ದರಂತೂ ಆಗುವುದೇ ಇಲ್ಲ. ಬೇಸಿಗೆಯಲ್ಲಿ ಹೇಗೋ ಬಂದು ಜೂನ್‌ನಲ್ಲಿ ಪೂರ್ತಿ ನಿಂತುಹೋಗುವ ಮನೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಲೆಕ್ಕ ಸುಲಭ. 93.5 ಡಿಗ್ರಿಯ ಸೇವೆಯಾದರೆ, ಡಿಶ್‌ಗಿಂತ 10 ಮೀಟರ್ ಎತ್ತರಕ್ಕೆ ಹೋದ ಮರ ಆಗ್ನೇಯದಲ್ಲಿ ಕನಿಷ್ಠ 5 ಮೀಟರ್ ಆಚೆಗಿರಬೇಕು. 108.2ರ ಸೇವೆಗೆ ಅದೇ ಮರ ಎಂಟೂವರೆ ಮೀಟರ್ ಆಚೆಗಿರಬೇಕು. ಕೊಂಬೆ ಅಗಲವಾಗಿ ಹರಡುವ ಜಾತಿಯಾದರೆ ಇನ್ನಷ್ಟು ದೂರ. ಮರದ ನಡುವೆ ಮನೆ ಇರುವವರಿಗೆ ಎತ್ತರದ ಕೋನದ ಸೇವೆಯೇ ಮೇಲು. ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನೆರಳು ಮರಗಳ ಕಪಾತು ಮಾಡಿಸುವಾಗ ಡಿಶ್‌ನ ದಿಕ್ಕಿನ ಕೊಂಬೆಯನ್ನೂ ಕೆಲಸದವರಿಗೆ ತೋರಿಸಿಬಿಟ್ಟರೆ ಪ್ರತ್ಯೇಕ ಖರ್ಚಿಲ್ಲ.

ಅಡ್ಡ ಬರುವ ಕೊಂಬೆ ಯಾವುದೆಂದು ಕಂಡುಹಿಡಿಯಲು ಸೂರ್ಯನೇ ಸಾಕು. ಮಾರ್ಚ್ ಮಧ್ಯದ ಕೆಲವು ದಿನ ಬೆಳಗ್ಗೆ 11ರ ಸುಮಾರಿಗೆ ಸೂರ್ಯ 93.5 ಡಿಗ್ರಿಯ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ. ಆ ಹೊತ್ತಿನಲ್ಲಿ ಡಿಶ್ ಮೇಲೆ ಯಾವ ಕೊಂಬೆಯ ನೆರಳು ಬೀಳುತ್ತದೋ ಅದೇ ಅಪರಾಧಿ. 83 ಡಿಗ್ರಿಗೆ ನೋಡುವ ಡಿಶ್ ಆದರೆ ಮಧ್ಯಾಹ್ನ 12ರ ಹೊತ್ತಿಗೆ ನೋಡಿ. ಸೆಪ್ಟೆಂಬರ್ ಕೊನೆಯಲ್ಲೂ ಇದು ನಡೆಯುತ್ತದೆ, ಆದರೆ ಆಗ ನಮ್ಮಲ್ಲಿ ಬಿಸಿಲು ಸಿಗುವುದು ಅದೃಷ್ಟ.

ಮಾರ್ಚ್‌ನಲ್ಲಿ ಬಿಸಿಲಿರುವಾಗಲೇ ಕೆಲವು ನಿಮಿಷ ಚಿತ್ರ ಹೋಗುತ್ತದಲ್ಲ?

ಮೇಲೆ ಹೇಳಿದ್ದೇ ಕಾರಣ. ಉಪಗ್ರಹದ ಹಿಂದೆ ನಿಂತ ಸೂರ್ಯ ತಾನೂ ರೇಡಿಯೊ ಅಲೆಗಳನ್ನು ಸೂಸುತ್ತಾನೆ. ಆ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಮುಚ್ಚಿಹೋಗುತ್ತದೆ. ಕೆಲವೇ ನಿಮಿಷ, ಕೆಲವೇ ದಿನ. ಯಾರಿಗೂ ಫೋನ್ ಮಾಡಬೇಕಿಲ್ಲ.

ಜೋರು ಮಳೆಗೆ ಚಿತ್ರ ನಿಲ್ಲದಂತೆ ಮಾಡಲು ಸಾಧ್ಯವೇ?

ಪೂರ್ತಿ ನಿಲ್ಲಿಸಲಾಗದು, ಕಡಿಮೆ ಮಾಡಬಹುದು. ಮಳೆಹನಿಗಳು ಈ ಅಲೆಗಳನ್ನು ಹೀರುತ್ತವೆ, ಚದುರಿಸುತ್ತವೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಡಿಕೇರಿಯಲ್ಲಿ, ಅದಕ್ಕೂ ಹೆಚ್ಚು ಸುರಿಯುವ ಭಾಗಮಂಡಲ ಕಡೆಯಲ್ಲಿ ಇದು ತಪ್ಪಿದ್ದಲ್ಲ. ಆದರೆ ಲೆಕ್ಕಕ್ಕೆ ಬರುವುದು ಒಟ್ಟು ಮಳೆಯಲ್ಲ, ಆ ಕ್ಷಣದ ರಭಸ. ಕಕ್ಕಡ ತಿಂಗಳ ಜಿಟಿಜಿಟಿ ಮಳೆ ದಿನವಿಡೀ ಸುರಿದರೂ ಸರಿಯಾಗಿ ಕೂರಿಸಿದ ಡಿಶ್ ನಡೆಯುತ್ತದೆ. ದಪ್ಪ ಹನಿಯ ಮಳೆ ಹತ್ತು ನಿಮಿಷ ಸುರಿದರೆ ನಿಲ್ಲುತ್ತದೆ, ರಭಸ ತಗ್ಗಿದ ಮೇಲೆ ತಾನೇ ಬರುತ್ತದೆ. ಸಣ್ಣ ಮಳೆಗೇ ಚಿತ್ರ ಚೂರುಚೂರಾಗುವುದಾದರೆ ಮಾತ್ರ ನಿಮ್ಮ ಮನೆಯ ವ್ಯವಸ್ಥೆಯಲ್ಲೇ ಏನೋ ತಪ್ಪಿದೆ.

ಎರಡು ಕೆಲಸ ಮಾಡಬಹುದು. ಒಂದು, ಒಣ ದಿನದಲ್ಲೇ ಡಿಶ್‌ನ ದಿಕ್ಕನ್ನು ಕೂದಲೆಳೆಯಷ್ಟು ಸರಿಪಡಿಸಿಕೊಳ್ಳುವುದು. 60 ಸೆಂಟಿಮೀಟರ್ ಡಿಶ್‌ನ ನೋಟದ ಅಗಲ ಮೂರು ಡಿಗ್ರಿಗಿಂತ ಕಡಿಮೆ. ಗಾಳಿಗೆ ಒಂದು ಡಿಗ್ರಿಯಷ್ಟು ಜಾರಿದರೂ ಬೇಸಿಗೆಯಲ್ಲಿ ಚಿತ್ರ ಬರುತ್ತಿರುತ್ತದೆ, ಮಳೆಗೆ ಬೇಕಾದ ಮೀಸಲು ಮಾತ್ರ ಕರಗಿಹೋಗಿರುತ್ತದೆ. ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಸ್ಟ್ರೆಂತ್ ಮತ್ತು ಕ್ವಾಲಿಟಿ ಎಂಬ ಎರಡು ಪಟ್ಟಿಗಳಿರುತ್ತವೆ. ನೋಡಬೇಕಾದದ್ದು ಕ್ವಾಲಿಟಿಯನ್ನು. ಸ್ಟ್ರೆಂತ್ ತುಂಬಿದ್ದರೂ ಕ್ವಾಲಿಟಿ ಕಡಿಮೆಯಿದ್ದರೆ ಡಿಶ್ ತಪ್ಪು ಕಡೆ ನೋಡುತ್ತಿರಬಹುದು. ಬಂದ ಹುಡುಗ ಸ್ಟ್ರೆಂತ್ ಮಾತ್ರ ತೋರಿಸಿ ಹೊರಟರೆ ನಿಲ್ಲಿಸಿ ಕೇಳಿ.

ಎರಡು, ದೊಡ್ಡ ಡಿಶ್. 60ರ ಬದಲು 90 ಸೆಂಟಿಮೀಟರ್ ಹಾಕಿದರೆ ಹಿಡಿಯುವ ವಿಸ್ತೀರ್ಣ ಎರಡೂ ಕಾಲು ಪಟ್ಟು. ನಾಪೋಕ್ಲು, ಭಾಗಮಂಡಲ, ಸೋಮವಾರಪೇಟೆಯ ಘಟ್ಟದ ಅಂಚಿನ ಕಡೆಯವರಿಗೆ ನಾನು ಇದನ್ನೇ ಹೇಳುವುದು. ಆದರೆ ದೊಡ್ಡದು ಗಾಳಿಯನ್ನೂ ಹೆಚ್ಚು ಹಿಡಿಯುತ್ತದೆ. ಹಂಚಿನ ಮಾಡಿನ ಪಕ್ಕಾಸಿಗೆ ಮೊಳೆ ಹೊಡೆದು ನಿಲ್ಲಿಸುವಂಥದ್ದಲ್ಲ. ಗೋಡೆಗೋ ನೆಲದಲ್ಲಿ ಕಾಂಕ್ರೀಟ್ ಹಾಕಿದ ಕಂಬಕ್ಕೋ ಬಿಗಿಯಬೇಕು. ಅಂಗಳದಲ್ಲಿ ಬಯಲಿದ್ದರೆ ನೆಲಮಟ್ಟವೇ ಒಳ್ಳೆಯದು. ಎತ್ತರದಲ್ಲಿಟ್ಟರೆ ಸಿಗ್ನಲ್ ಹೆಚ್ಚು ಸಿಗುತ್ತದೆ ಎಂಬುದು ಹಳೆಯ ಅಲ್ಯೂಮಿನಿಯಂ ಆಂಟೆನಾ ಕಾಲದ ನಂಬಿಕೆ.

ಮಂಜು ಮುಸುಕಿದಾಗಲೂ ಹೋಗುತ್ತದೆ. ಮಂಜಿಗೂ ಅಷ್ಟು ಶಕ್ತಿಯೇ?

ಇಲ್ಲ. ಮಂಜಿನ ಕಣಗಳು ಈ ಅಲೆಗಳ ಮುಂದೆ ಲೆಕ್ಕಕ್ಕೇ ಇಲ್ಲದಷ್ಟು ಸಣ್ಣವು. ಮಂಜಿನ ದಿನ ಚಿತ್ರ ಹೋದರೆ ತೇವ ಎಲ್ಲಿಗೋ ನುಗ್ಗಿದೆ ಎಂದರ್ಥ. ಎಲ್‌ಎನ್‌ಬಿಯ ಕೆಳಗೆ ಕೇಬಲ್ ತಿರುಪಿ ಕೂರಿಸುವ ಕನೆಕ್ಟರ್ ಬಿಚ್ಚಿ ನೋಡಿ: ಹಸಿರು ಕಿಲುಬು ಹಿಡಿದ ತಾಮ್ರದ ತಂತಿ, ಒಳಗೆ ಇರುವೆ, ಕೆಲವೊಮ್ಮೆ ಕಣಜದ ಮಣ್ಣಿನ ಗೂಡು. ಹಾಳಾದ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೋಪಿ ತೊಡಿಸಿ, ಮೇಲೆ ನೀರು ತಡೆಯುವ ಟೇಪು ಸುತ್ತಿದರೆ ಸಾಕು. ಕೇಬಲ್ ಮನೆಯೊಳಗೆ ಬರುವ ಮುನ್ನ ಕೆಳಕ್ಕೆ ಒಂದು ಬಳುಕು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಬಾಕ್ಸ್‌ವರೆಗೆ ಬರುವುದಿಲ್ಲ. ಬಾಕ್ಸ್‌ಗೆ ಕೈ ಹಾಕುವುದು ಯಾವಾಗಲೂ ವಿದ್ಯುತ್ ಪ್ಲಗ್ ತೆಗೆದ ಮೇಲೆಯೇ.

ಯಾವ ಯಾವ ಬಗೆಯ ಸೇವೆಗಳಿವೆ?

ಮನೆಗೇ ಡಿಶ್ ಹಾಕಿ ತಿಂಗಳಿಗೆ ಹಣ ಕಟ್ಟುವ ಡಿಟಿಎಚ್ ಎಲ್ಲರಿಗೂ ಗೊತ್ತು. ದೇಶದಲ್ಲಿ ಇದು 2003ರಲ್ಲಿ ಡಿಶ್ ಟಿವಿಯಿಂದ ಶುರುವಾಯಿತು. 2006ರಲ್ಲಿ ಬಂದ ಟಾಟಾ ಸ್ಕೈ 2022ರಲ್ಲಿ ಟಾಟಾ ಪ್ಲೇ ಎಂದು ಹೆಸರು ಬದಲಿಸಿಕೊಂಡಿತು. ಡಿ2ಎಚ್ 2018ರಲ್ಲಿ ಡಿಶ್ ಟಿವಿಯೊಂದಿಗೆ ವಿಲೀನವಾದರೂ ಎರಡು ಹೆಸರುಗಳೂ ಉಳಿದಿವೆ.

ಕೇಬಲ್ ಕೂಡ ಮೂಲದಲ್ಲಿ ಉಪಗ್ರಹ ಟಿವಿಯೇ. ಕೇಬಲ್‌ನವರ ನಿಯಂತ್ರಣ ಕೊಠಡಿಯಲ್ಲಿರುವ ದೊಡ್ಡ ಡಿಶ್‌ಗಳು ಸಿ ಬ್ಯಾಂಡ್‌ನಲ್ಲಿ, ಅಂದರೆ 4 ಗಿಗಾಹರ್ಟ್ಸ್ ಸುಮಾರಿನಲ್ಲಿ ವಾಹಿನಿಗಳನ್ನು ಹಿಡಿಯುತ್ತವೆ. ಆ ಅಲೆಯ ಉದ್ದ ಏಳೂವರೆ ಸೆಂಟಿಮೀಟರ್. ಮಳೆಗೆ ಅದು ಅಷ್ಟಾಗಿ ಜಗ್ಗುವುದಿಲ್ಲ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಪೇಟೆಗಳಲ್ಲಿ ಮಳೆಯ ನಡುವೆಯೂ ಪಕ್ಕದ ಮನೆಯ ಕೇಬಲ್ ನಡೆಯುತ್ತಿರುವುದು ಇದಕ್ಕೇ. ಆದರೆ ಮರ ಬಿದ್ದು ತಂತಿ ಹರಿದರೆ ಮಾತ್ರ ಕಾಯಬೇಕು. ಸ್ಥಳೀಯ ವಾಹಿನಿ ಇರುವ ಕಡೆ ಮಡಿಕೇರಿ ದಸರಾದ ದಶಮಂಟಪ, ಊರಿನ ಹಾಕಿ ಪಂದ್ಯ ಮನೆಯಲ್ಲೇ ಕಾಣಬಹುದು. ಡಿಟಿಎಚ್‌ನಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ನಿಯಂತ್ರಣ ಕೊಠಡಿಯ ಕೆಲಸವನ್ನೇ ಉಪಗ್ರಹದ ಮೂಲಕ ಒದಗಿಸಿ, ಸಣ್ಣ ಊರಿನ ಕೇಬಲ್‌ನವರಿಗೆ ಹಂಚಲು ಕೊಡುವ ಹಿಟ್ಸ್ ಎಂಬ ಪದ್ಧತಿಯೂ ಇದೆ. ಬಳಕೆದಾರನಿಗೆ ಅದು ಕೇಬಲ್‌ನಂತೆಯೇ.

ಫೈಬರ್ ಇಂಟರ್ನೆಟ್ ಬಂದ ಮನೆಗಳಿಗೆ ಉಪಗ್ರಹವಿಲ್ಲದೆಯೂ ಟಿವಿ ಸಿಗುತ್ತದೆ. ಡಿಶ್ ಮತ್ತು ಇಂಟರ್ನೆಟ್ ಎರಡನ್ನೂ ಬಳಸುವ ಮಿಶ್ರ ಬಾಕ್ಸ್‌ಗಳನ್ನು ಡಿಟಿಎಚ್ ಕಂಪನಿಗಳೇ ಮಾರುತ್ತಿವೆ. ಉಪಗ್ರಹ ಇಂಟರ್ನೆಟ್ ಎಂದು ಸುದ್ದಿಯಲ್ಲಿ ಬರುವುದು ಬೇರೆಯೇ ಸಂಗತಿ: ಆ ಉಪಗ್ರಹಗಳು ಕೆಲವು ನೂರರಿಂದ ಸಾವಿರದ ಚಿಲ್ಲರೆ ಕಿಲೋಮೀಟರ್ ಎತ್ತರದಲ್ಲಿ ಓಡುತ್ತಿರುತ್ತವೆ, ಟಿವಿ ಡಿಶ್ ಅವಕ್ಕೆ ಆಗುವುದಿಲ್ಲ.

ತಿಂಗಳಿಗೆ ಹಣ ಕಟ್ಟದೆ ನೋಡಲು ಫ್ರೀ ಡಿಶ್ ಸಾಲದೇ?

ಏನು ನೋಡುತ್ತೀರಿ ಎಂಬುದರ ಮೇಲೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸೇವೆಗೆ ಬಾಕ್ಸ್ ಮತ್ತು ಡಿಶ್‌ನ ಖರ್ಚು ಬಿಟ್ಟರೆ ಬೇರೆ ಶುಲ್ಕವಿಲ್ಲ. ಜಾಗಕ್ಕಾಗಿ ಖಾಸಗಿ ವಾಹಿನಿಗಳು ಹರಾಜಿನಲ್ಲಿ ಪ್ರಸಾರ ಭಾರತಿಗೆ ಹಣ ಕೊಡುತ್ತವೆ. ಚಂದನ ಇದೆ, ಆಕಾಶವಾಣಿಯ ವಾಹಿನಿಗಳಿವೆ, ಹಿಂದಿ ವಾಹಿನಿಗಳಿಗೆ ಲೆಕ್ಕವಿಲ್ಲ. ಕನ್ನಡದ ಖಾಸಗಿ ಮನರಂಜನೆ ಮಾತ್ರ ವಿರಳ; ರಾತ್ರಿಯ ಧಾರಾವಾಹಿ ಬಿಡಲಾರದ ಮನೆಗೆ ಇದು ಸಾಲದು.

ಆಟ ನೋಡುವವರಿಗೆ ಒಂದು ಲಾಭವಿದೆ. 2007ರ ಕ್ರೀಡಾ ಪ್ರಸಾರ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ವದವೆಂದು ಸರ್ಕಾರ ಗುರುತಿಸಿದ ಪಂದ್ಯಗಳನ್ನು ಖಾಸಗಿಯವರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. ಆ ಪ್ರಸಾರ ದೂರದರ್ಶನದ ಸ್ವಂತ ಜಾಲಕ್ಕೆ ಮಾತ್ರ ಸೀಮಿತ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಫ್ರೀ ಡಿಶ್‌ನ ದೂರದರ್ಶನದಲ್ಲಿ ಬರುವ ಪಂದ್ಯ, ಹಣ ಕಟ್ಟಿದ ಸೇವೆಯ ಅದೇ ದೂರದರ್ಶನದಲ್ಲಿ ಬಾರದಿರುವುದುಂಟು.

ತೋಟದ ಕೆಲಸಗಾರರ ಲೈನ್ ಮನೆಗಳಿಗೆ, ವರ್ಷದಲ್ಲಿ ಕೆಲವೇ ದಿನ ಬಾಗಿಲು ತೆಗೆಯುವ ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಫ್ರೀ ಡಿಶ್‌ಗಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಕೊಳ್ಳುವಾಗ ಎಂಪೆಗ್-4 (ಚಿತ್ರ ಕುಗ್ಗಿಸುವ ಹೊಸ ಪದ್ಧತಿ) ಬಾಕ್ಸನ್ನೇ ಕೊಳ್ಳಿ; ಎಂಪೆಗ್-2 ಮಾತ್ರ ಓದುವ ಹಳೆಯ ಬಾಕ್ಸ್‌ನಲ್ಲಿ ಹಲವು ವಾಹಿನಿಗಳು ಕಾಣಿಸುವುದಿಲ್ಲ.

ಹಳೆಯ ಡಿಶ್ ಬಳಸಿಕೊಳ್ಳಬಹುದೇ?

ಡಿಶ್, ಕಂಬ, ಕೇಬಲ್ ಧಾರಾಳವಾಗಿ. ಬಾಕ್ಸ್ ಆಗುವುದಿಲ್ಲ, ಒಂದು ಕಂಪನಿಯ ಬೀಗಕ್ಕೆ ಇನ್ನೊಂದರ ಕೀಲಿ ಹೊಂದದು. ಸನ್ ಡೈರೆಕ್ಟ್ ಡಿಶ್ ಇದ್ದವರಿಗೆ ಅನುಕೂಲ ಹೆಚ್ಚು: ಅದು 93.5 ಡಿಗ್ರಿಗೇ ನೋಡುತ್ತಿರುವುದರಿಂದ ದಿಕ್ಕು ಬದಲಿಸದೆಯೇ ಫ್ರೀ ಡಿಶ್ ಬಾಕ್ಸ್ ಜೋಡಿಸಬಹುದು. ಉಳಿದವರು ತಿರುಗಿಸಬೇಕು. ಕೆಲವು ಹೊಸ ಟಿವಿಗಳಲ್ಲಿ ಉಪಗ್ರಹ ಟ್ಯೂನರ್ ಒಳಗೇ ಇರುತ್ತದೆ. ಉಚಿತ ವಾಹಿನಿಗಳಿಗೆ ಅಂಥ ಟಿವಿಯಲ್ಲಿ ಬಾಕ್ಸೇ ಬೇಡ.

ಹೋಂಸ್ಟೇಯ ಎಲ್ಲ ಕೋಣೆಗಳಿಗೂ ಒಂದೇ ಡಿಶ್ ಸಾಕೇ?

ಡಿಶ್ ಒಂದೇ ಸಾಕು. ಸಾಮಾನ್ಯ ಎಲ್‌ಎನ್‌ಬಿಗೆ ಅಂಗಡಿಯ ಸ್ಪ್ಲಿಟರ್ ಹಾಕಿ ಕವಲೊಡೆಸಿದರೆ ಒಂದು ಕೋಣೆಯವರು ವಾಹಿನಿ ಬದಲಿಸಿದಾಗ ಇನ್ನೊಂದು ಕೋಣೆಯ ಚಿತ್ರ ಮಾಯವಾಗುತ್ತದೆ, ಏಕೆಂದರೆ ವೋಲ್ಟೇಜ್ ಒಂದೇ. ಎರಡು ಅಥವಾ ನಾಲ್ಕು ಬಾಯಿಯ ಎಲ್‌ಎನ್‌ಬಿ ಹಾಕಬೇಕು, ಕೋಣೆ ಹೆಚ್ಚಿದ್ದರೆ ಒಂದೊಂದು ಬಾಕ್ಸ್‌ಗೂ ಬೇರೆಯಾಗಿ ಸಿಗ್ನಲ್ ಹಂಚುವ ಮಲ್ಟಿಸ್ವಿಚ್. ತೋಟದಾಚೆಯ ಕಾಟೇಜಿಗೆ ಕೇಬಲ್ ಎಳೆಯುವಾಗ 30 ಮೀಟರ್ ದಾಟಿದರೆ ನಡುವೆ ಆಂಪ್ಲಿಫೈಯರ್ ಬೇಕಾಗಬಹುದು. ಅಲ್ಲಿಗೇ ಇನ್ನೊಂದು ಡಿಶ್ ಹಾಕುವುದು ಹೆಚ್ಚಾಗಿ ಅಗ್ಗ.

ಅತಿಥಿಗಳಿಂದ ಬಾಡಿಗೆ ಪಡೆಯುವ ಕಡೆ ಮನೆಬಳಕೆಯ ಸಂಪರ್ಕ ಸಲ್ಲದು, ವಾಣಿಜ್ಯ ಸಂಪರ್ಕ ಕೇಳಿ ಪಡೆಯಿರಿ. ಫ್ರೀ ಡಿಶ್ ಹಾಕಿದರೆ ತಿಂಗಳ ಬಿಲ್ಲು ತಪ್ಪುತ್ತದೆ. ಹೊರಗೆ ಕಾಡು ನೋಡಲು ಬಂದವರು ಒಳಗೆ ಟಿವಿ ಕೇಳುವುದು ಯಾಕೋ, ಆದರೆ ಮಳೆಗಾಲದಲ್ಲಿ ಕೇಳಿಯೇ ಕೇಳುತ್ತಾರೆ.

ಬಿಲ್ಲಿನಲ್ಲಿ ಏನೇನು ಸೇರಿರುತ್ತದೆ?

2019ರ ಫೆಬ್ರವರಿಯಿಂದ ಜಾರಿಯಲ್ಲಿರುವ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಹಣ ಕಟ್ಟಬೇಕಾದ ಪ್ರತಿ ವಾಹಿನಿಗೂ ಬೆಲೆ ಗೊತ್ತುಮಾಡಿ ಪ್ರಕಟಿಸಬೇಕು, ಬಿಡಿಯಾಗಿಯೂ ಕೊಡಬೇಕು. ಅದರ ಮೇಲೆ ಜಾಲದ ಶುಲ್ಕ, ಎರಡಕ್ಕೂ 18 ಶೇಕಡಾ ಜಿಎಸ್‌ಟಿ. ಜಾಲದ ಶುಲ್ಕಕ್ಕಿದ್ದ 130 ರೂಪಾಯಿಯ ಮಿತಿಯನ್ನು 2024ರಲ್ಲಿ ತೆಗೆದಿದ್ದಾರೆ, ಆದ್ದರಿಂದ ಕಂಪನಿಯಿಂದ ಕಂಪನಿಗೆ ಹೋಲಿಸಿ ನೋಡುವುದು ಲೇಸು. ಪ್ಯಾಕ್‌ನಲ್ಲಿ ನೋಡದ ವಾಹಿನಿಗಳೇ ತುಂಬಿದ್ದರೆ ಬೇಕಾದ್ದನ್ನು ಮಾತ್ರ ಬಿಡಿಯಾಗಿ ಆರಿಸಿ ಒಮ್ಮೆ ಕೂಡಿಸಿ ನೋಡಿ. ಕ್ರೀಡೆ ಮತ್ತು ಎಚ್‌ಡಿ ಸೇರಿದರೆ ಪ್ಯಾಕೇ ಅಗ್ಗವಾಗುವುದೂ ಉಂಟು.

ಪಕ್ಕದ ಮನೆಯವರು ಗೋಲ್ ಎಂದು ಕೂಗಿದ ಮೇಲೆ ನಮ್ಮಲ್ಲಿ ಗೋಲ್ ಆಗುವುದೇಕೆ?

ಹಾಕಿಯ ನಾಡಿನಲ್ಲಿ ಇದು ಸಣ್ಣ ದೂರಲ್ಲ. ಉಪಗ್ರಹಕ್ಕೆ ಹೋಗಿ ಬರಲು ಹಿಡಿಯುವುದು ಕಾಲು ಸೆಕೆಂಡು ಮಾತ್ರ. ಉಳಿದ ವಿಳಂಬವೆಲ್ಲ ಚಿತ್ರ ಕುಗ್ಗಿಸುವ, ಬಿಡಿಸುವ ಕೆಲಸದ್ದು, ಅದು ಒಂದೊಂದು ಸೇವೆಯಲ್ಲಿ ಒಂದೊಂದು ರೀತಿ. ಮೊಬೈಲ್ ಆಪ್‌ನಲ್ಲಿ ನೋಡುವವರು ಸಾಮಾನ್ಯವಾಗಿ ಎಲ್ಲರಿಗಿಂತ ಹಿಂದೆ.

ಡಿಶ್ ಸಿಡಿಲನ್ನು ಎಳೆಯುತ್ತದೆಯೇ?

ಬೆಟ್ಟದ ಊರಿನಲ್ಲಿ ಸಿಡಿಲಿಗೆ ಡಿಶ್‌ಗಿಂತ ಎತ್ತರದ ಗುರಿಗಳು ಬೇಕಾದಷ್ಟಿವೆ. ಆದರೆ ಹತ್ತಿರದಲ್ಲಿ ಬಿದ್ದ ಸಿಡಿಲಿನ ಹೊಡೆತ ಕೇಬಲ್ ಹಿಡಿದು ಬಂದು ಎಲ್‌ಎನ್‌ಬಿ, ಬಾಕ್ಸ್, ಟಿವಿ ಮೂರನ್ನೂ ಒಟ್ಟಿಗೆ ಸುಡಬಲ್ಲದು. ನಮ್ಮಲ್ಲಿ ಅಪಾಯ ಹೆಚ್ಚಿರುವುದು ಜೂನ್, ಜುಲೈಯಲ್ಲಲ್ಲ, ಕಾಫಿಯ ಹೂಮಳೆಯಿಂದ ಹಿಡಿದು ಮೇ ಕೊನೆಯ ತನಕ. ಗುಡುಗು ಕೇಳುವ ಮೊದಲೇ ವಿದ್ಯುತ್ ಪ್ಲಗ್ ಜೊತೆಗೆ ಡಿಶ್‌ನ ಕೇಬಲನ್ನೂ ಬಾಕ್ಸ್‌ನಿಂದ ಬಿಚ್ಚಿಡಿ. ಸ್ವಿಚ್ ಮಾತ್ರ ಆರಿಸಿದರೆ ಪ್ರಯೋಜನವಿಲ್ಲ. ಡಿಶ್‌ನ ಕಂಬಕ್ಕೆ ಅರ್ಥಿಂಗ್ ಮಾಡಿಸುವುದನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ.

ಹಾಸನದಿಂದ ಟಿವಿ ಬರುತ್ತದೆ ಎನ್ನುತ್ತಾರಲ್ಲ, ನಿಜವೇ?

ಅರ್ಧ ನಿಜ. 1982ರಿಂದ ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇನ್ಸಾಟ್ ಮತ್ತು ಜಿಸ್ಯಾಟ್ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುತ್ತದೆ. ಸೂರ್ಯ, ಚಂದ್ರರ ಸೆಳೆತಕ್ಕೆ ಅವು ಸದಾ ಸರಿಯುತ್ತಿರುತ್ತವೆ. ಆಗಾಗ ಸಣ್ಣ ಎಂಜಿನ್ ಉರಿಸಿ ಸರಿಪಡಿಸದಿದ್ದರೆ ನಮ್ಮ ಡಿಶ್‌ಗಳನ್ನೆಲ್ಲ ದಿನವೂ ತಿರುಗಿಸಬೇಕಾಗುತ್ತಿತ್ತು. ಫ್ರೀ ಡಿಶ್ ಹೊತ್ತಿರುವ ಜಿಸ್ಯಾಟ್-15, 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದ ಕೂರೂದಿಂದ ಹಾರಿದ್ದು. ಕಾರ್ಯಕ್ರಮ ಮಾತ್ರ ಹಾಸನದಿಂದ ಬರುವುದಿಲ್ಲ.

ದುರಸ್ತಿಗೆ ಯಾರೂ ಬರುತ್ತಿಲ್ಲ. ದೂರು ಯಾರಿಗೆ?

ಮೊದಲು ಕಂಪನಿಯ ಗ್ರಾಹಕ ಸಂಖ್ಯೆಗೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಮುಂದಿನ ಮೆಟ್ಟಿಲಿಲ್ಲ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ನೋಡಲ್ ಅಧಿಕಾರಿಗೆ ಬರೆಯಿರಿ, ವಿವರ ಅವರ ಜಾಲತಾಣದಲ್ಲಿರುತ್ತದೆ. ಟ್ರಾಯ್ ಒಬ್ಬೊಬ್ಬರ ದೂರನ್ನು ಬಗೆಹರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಆಮೇಲೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗ. ಕರೆ ಮಾಡುವ ಮೊದಲು ಮಳೆ ಇಲ್ಲದ ಹೊತ್ತಿನಲ್ಲಿ ಬಾಕ್ಸ್‌ನ ಕ್ವಾಲಿಟಿ ಪಟ್ಟಿಯ ಫೋಟೊ ತೆಗೆದಿಡಿ. ‘ಅಲ್ಲಿ ಮಳೆ ಇರಬೇಕು ಸಾರ್’ ಎಂಬ ಉತ್ತರಕ್ಕೆ ಅದೊಂದೇ ಎದುರುತ್ತರ.